ಅಳತೆಗೆ ಸಿಗದ ಹಾಲ್

ಹೋಮ್ ಥಿಯೇಟರ್ ತರುವಾಗ ಆಂಪ್ಲಿಫೈಯರ್ ಎಷ್ಟು ವಾಟಿನದು ಅಂತ ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಎಳೆಯುವ ವೈರಿನ ವಿಷಯ ಮಾತ್ರ "ಅಟ್ಟದ ಮೇಲೆ ಕಾಲಿಂಗ್ ಬೆಲ್ಲಿಂದು ಒಂದು ಸುರುಳಿ ಇರ್ಬೇಕಲ್ಲ" ಎಂಬಲ್ಲಿಗೆ ಇತ್ಯರ್ಥ.

ಆ ಸುರುಳಿಯ ತಾಮ್ರದ ದಪ್ಪ (ಅಡ್ಡ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ) 0.5 ಚದರ ಮಿ.ಮೀ. ಇದ್ದರೆ, ಸ್ಪೀಕರ್ 15 ಮೀಟರ್ ದೂರವಿರುವಾಗ ಹೋಗಿ ಬರುವ ದಾರಿ 30 ಮೀಟರ್, ರೋಧ ಒಂದು ಓಮ್‌ಗೂ ಮೇಲೆ. 4 ಓಮ್ ಸ್ಪೀಕರಾದರೆ ಆಂಪ್ ಕೊಟ್ಟ ಶಕ್ತಿಯ ಐದನೇ ಒಂದು ಪಾಲು ವೈರಿಗೆ ಶಾಖ ಕೊಡಲಿಕ್ಕೇ ಸರಿ. ಅದೇ ದೂರಕ್ಕೆ 1.5 ಚದರ ಮಿ.ಮೀ. ಹಾಕಿದರೆ 0.35 ಓಮ್, 8 ಓಮ್ ಸ್ಪೀಕರಿಗೆ ಧಾರಾಳ. 4 ಓಮ್‌ಗೆ 2.5 ತಗೊಳ್ಳಿ. ಅದಕ್ಕೂ ಮೇಲೆ ಹೋದರೆ ವ್ಯತ್ಯಾಸ ಕೇಳಿಸುವುದು ಜೇಬಿಗೆ. ಸುರುಳಿ ಕೈಗೆ ತೀರಾ ಹಗುರ ಅನ್ನಿಸಿದರೆ ಒಂದೆಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಅಂಗಿ ತೊಟ್ಟ ಅಲ್ಯೂಮಿನಿಯಂ; ಮೇಲಿನ ಲೆಕ್ಕವೆಲ್ಲ ಅಪ್ಪಟ ತಾಮ್ರದ್ದು.

ಅಸಲಿ ಫಜೀತಿ ಅಳತೆಯದು. ಮೈಸೂರಿನ ಅಗ್ರಹಾರದ ಹಳೇ ಮನೆಯ ಹಾಲ್ 16 ಅಡಿ ಅಂದುಕೊಂಡು 16 ಅಡಿ ವೈರ್ ತಂದವರುಂಟು. ಕೆಂಪು ರೆಡ್ ಆಕ್ಸೈಡ್ ನೆಲ ಕೊರೆಯುವ ಹಾಗಿಲ್ಲ. ತೇಪೆ ಹಾಕಿದರೆ ಬಣ್ಣ ಜನ್ಮದಲ್ಲಿ ಕೂಡುವುದಿಲ್ಲ. ಹಾಗಾಗಿ ವೈರ್ ಗೋಡೆಯಂಚಿನಲ್ಲಿ ನಡೆದು, 7 ಅಡಿ ಬಾಗಿಲ ಚೌಕಟ್ಟು ಹತ್ತಿ, ಇಳಿದು, ಮತ್ತೆ ನಡೆಯಬೇಕು. ಏರಿಳಿತಕ್ಕೇ 14 ಅಡಿ ಹೋಯಿತು! ದಾರಿಯುದ್ದಕ್ಕೂ ನೂಲು ಹಿಡಿದು ಅಳೆದು, ತುದಿಗೆ 3 ಅಡಿ ಸೇರಿಸಿ. ನವರಾತ್ರಿಯಲ್ಲಿ ಗೊಂಬೆ ಮೆಟ್ಟಿಲು ಬಂದು ಕೂರುವುದು ಹಿಂದಿನ ಎಡ ಸ್ಪೀಕರಿನ ಮೂಲೆಗೇ. ಪಟ್ಟದ ಗೊಂಬೆಗೆ ಎದುರಾಡುವವರಿಲ್ಲ; ಸ್ಪೀಕರೇ ಸರಿಯಬೇಕು, ಆಗ ಆ 3 ಅಡಿ ನೆರವಿಗೆ ಬರುತ್ತದೆ. ಫ್ಯಾನಿನ ಕರೆಂಟ್ ವೈರ್ ಹೋಗುವ ಪೈಪಿನೊಳಗೆ ಇದನ್ನೂ ತುರುಕುವ ಜಾಣತನ ಬೇಡ, ಅಪಾಯ. ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ.

ತುದಿ ಸುಲಿಯುವುದು 10 ಮಿ.ಮೀ. ಸಾಕು, ಬಿಗಿಯಾಗಿ ಹೊಸೆಯಿರಿ. ಹೊರಗುಳಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೆ ಆಂಪ್ 'ಪ್ರೊಟೆಕ್ಟ್' ಅಂತ ತೋರಿಸಿ, ತನ್ನ ರಕ್ಷಣೆಗೆ ಸದ್ದು ನಿಲ್ಲಿಸಿ ಮುನಿಸಿಕೊಳ್ಳುತ್ತದೆ. ಮನೆಯವರು ರಿಮೋಟ್ ಸೆಲ್ ಬದಲಿಸುತ್ತಾ ಕೂರುತ್ತಾರೆ.

ಒಂದು ಸ್ಪೀಕರಿನ ಪ್ಲಸ್ ಮೈನಸ್ ಮಾತ್ರ ಅದಲುಬದಲಾದರೆ ಏನೂ ಸುಡುವುದಿಲ್ಲ, ಬೇಸ್ ಮಾತ್ರ ಸೊರಗುತ್ತದೆ. ದೂರು ಹೋಗುವುದು ಪಾಪದ ಸಬ್‌ವೂಫರ್ ಮೇಲೆ; ಅದರೊಳಗೇ ಆಂಪ್ ಇದ್ದರೆ ಅದಕ್ಕೆ ಈ ವೈರೇ ಬೇಡ, ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಸಾಕು. ಅನುಮಾನವಿದ್ದರೆ ವೈರನ್ನು ಆಂಪಿನಿಂದ ಬಿಚ್ಚಿ, ಆ ತುದಿಗೆ 1.5 ವೋಲ್ಟ್ ಸೆಲ್ ಕ್ಷಣಕಾಲ ಮುಟ್ಟಿಸಿ. ಸೆಲ್ಲಿನ ಪ್ಲಸ್ ವೈರಿನ ಪ್ಲಸ್ಸಿಗೆ ತಗುಲಿದಾಗ ಆ ಸ್ಪೀಕರಿನ ವೂಫರಿನ ಕೋನ್ (ಬೇಸ್ ನುಡಿಸುವ ದೊಡ್ಡ ಬಟ್ಟಲು) ಮುಂದಕ್ಕೆ ಬರಬೇಕು. ಒಳಕ್ಕೆ ಹೋಯಿತೇ? ಸ್ಪೀಕರಿನ ಹಿಂದಿನ ಎರಡು ತುದಿ ಅದಲುಬದಲು ಮಾಡಿ.