ಹೆಂಚು ಹಳೇದಿರಲಿ, ಜಾಲರಿ ಹೊಸದಿರಲಿ

ಇಂಗ್ಲೆಂಡಿನಲ್ಲಿ ಹಿತ್ತಿಲಲ್ಲಿ ಕೋಳಿ ಸಾಕುವವರು ಗೂಡಿಗೆ ಹೊಸ ಮರ ಕೊಳ್ಳೋದು ಅಪರೂಪ. ಹಳೇ ಬೀರು, ಕಿತ್ತ ಬೇಲಿ, ಅಂಗಡಿಯವರು ಹೊರಗಿಟ್ಟ ಪ್ಯಾಲೆಟ್ (ಸರಕು ಪೇರಿಸುವ ಮರದ ಅಡಿಹಲಗೆ), ಎಲ್ಲವೂ ಆಗುತ್ತದೆ. ತಿಳಿದವರು ಪ್ಯಾಲೆಟ್ ಎತ್ತುವ ಮುಂಚೆ ಮುದ್ರೆ ನೋಡುತ್ತಾರೆ. ‘ಎಚ್‌ಟಿ’ ಅಂತಿದ್ದರೆ ಕಾಯಿಸಿ ಹುಳ ಕೊಂದ ಮರ, ತರಬಹುದು. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕುಡಿದದ್ದು, ಬೇಡ. ಇಷ್ಟು ಲೆಕ್ಕಾಚಾರದ ಜನ ಒಂದಕ್ಕೆ ಮಾತ್ರ ಧಾರಾಳವಾಗಿ ದುಡ್ಡು ಬಿಚ್ಚುತ್ತಾರೆ: ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ. ನರಿ ಕೆರೆದು ನುಗ್ಗಬಾರದು ಅಂತ ಗೂಡಿನ ಸುತ್ತ ನೆಲಕ್ಕೂ ಅದನ್ನೇ ಹಾಸುತ್ತಾರೆ.

ಇಂಗ್ಲೆಂಡಿನ ಕಾನೂನು ಮಾತ್ರ ವಿಪರೀತ. 2024ರ ಅಕ್ಟೋಬರ್‌ನಿಂದ ಒಂದೇ ಕೋಳಿ ಇದ್ದರೂ ನೋಂದಣಿ ಆಗಬೇಕು. ಹಾಲು-ಮೊಟ್ಟೆಯನ್ನೂ ಮುಟ್ಟದ ಪೂರ್ತಿ ವೀಗನ್ ಮನೆ ಅಲ್ಲದಿದ್ದರೆ ಅಡುಗೆಮನೆಯಲ್ಲಿ ಉಳಿದದ್ದನ್ನು ಕೋಳಿಗೆ ಹಾಕುವಂತಿಲ್ಲ. ಊರಲ್ಲಿರುವ ಚಿಕ್ಕಮ್ಮನಿಗೆ ಹೇಳಿದೆ. “ಮತ್ಯಾಕೋ ಕೋಳಿ ಸಾಕ್ತಾರೆ?” ಅಂದರು.

ಮೂಡಿಗೆರೆ, ಸಕಲೇಶಪುರದ ಕಡೆ ನಮ್ಮ ಲೆಕ್ಕ ಉಲ್ಟಾ. ಮನೆಗೆ ಶೀಟ್ ಹಾಕಿಸಿ ಇಳಿಸಿದ ಮಂಗಳೂರು ಹೆಂಚು ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ. ಪಕ್ಕದಲ್ಲೇ ರೀಪು, ತೋಟದ ಸಿಲ್ವರ್ ಓಕ್ ಮರದ ಹಲಗೆ. ಅದಕ್ಕೆ ಪಾಚಿ ಹಿಡಿಯಲು ಬಿಟ್ಟು ಗೂಡಿಗೆ ಹೊಸ ತಗಡು ತರುತ್ತೇವೆ. ಬಾಗಿಲಿಗೆ ಮಾತ್ರ ಸುಮ್ನೆ ತೆಳು ಕೋಳಿಬಲೆ, ಮೇಲೆರಡು ಮೊಳೆ. ಆ ಬಲೆ ಕೋಳಿಯನ್ನು ಒಳಗೆ ಇಡುತ್ತದೆ ನಿಜ. ಮುಂಗುಸಿಗೋ ಕಾಡುಬೆಕ್ಕಿಗೋ ಅದು ಯಾವ ಲೆಕ್ಕ?

ಮಲೆನಾಡಿನ ಮಳೆಗೆ ಹೆಂಚೇ ವಾಸಿ ಅಂತ ನನ್ನ ವಾದ. ತಣ್ಣಗಾದ ತಗಡು ಒಳಗಡೆ ಬೆವರಿ ಕೋಳಿ ಮೇಲೆ ತೊಟ್ಟಿಕ್ಕುತ್ತದೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಹಿಕ್ಕೆಯ ಘಾಟು ಮೇಲಿಂದ ಹೊರಟುಹೋಗುತ್ತದೆ. ಎರಚಲು ಬಡಿಯುವ ಕಡೆಗೆ ಹಲಗೆ ಹೊಡೆದರಾಯ್ತು. ಸಿಲ್ವರ್ ಹಲಗೆ ಮಣ್ಣು ಮುಟ್ಟಿದರೆ ಗೆದ್ದಲು ಬಿಡಲ್ಲ. ಹಾಗಾಗಿ ಗೂಡು ಸೈಜುಗಲ್ಲಿನ ಮೇಲೆ ನಿಲ್ಲಲಿ. ಹಳೇ ಮರದ ಬಿರುಕಲ್ಲಿ ರಕ್ತ ಹೀರುವ ಉಣ್ಣಿ ಹಗಲೆಲ್ಲ ಅಡಗಿದ್ದು ರಾತ್ರಿ ಕೋಳಿಗೆ ಹತ್ತುತ್ತದೆ. ಬಿರುಕಿನೊಳಗೆ ಇಳಿಯುವ ಹಾಗೆ ಸುಣ್ಣ ಬಳಿಯಬೇಕು.

ತಗಡಿಗೆ ಹೋಗುವ ದುಡ್ಡಲ್ಲಿ ಒಳ್ಳೆ ಮೆಶ್ ಬರುತ್ತದೆ, ಅಲ್ವಾ? ಅದನ್ನು ಹೊರಗಡೆಯಿಂದ ಬಿಗಿದು, ಅಂಚಿನ ಮೇಲೆ ಹಳೇ ರೀಪು ಒತ್ತಿ, ವಾಷರ್ ಕೊಟ್ಟು ಸ್ಕ್ರೂ ಹಾಕಿ. ಬರೀ ಮೊಳೆಯಾದರೆ ಎಳೆದಾಗ ಕಿತ್ತು ಬರುತ್ತದೆ.