ಸೀಟಿನ ಪ್ಲಾಸ್ಟಿಕ್ ಮತ್ತು 50 ಗಂಟೆ

ಕೀ ತಿರುಗಿಸಿ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಆಗಲೂ ನಿಲ್ಲಲಿಲ್ಲ. ಸುತ್ತ ಇಪ್ಪತ್ತು ಜನ ನೆಂಟರು, ಮುಂದೆ ಮಂಗಳಾರತಿ ತಟ್ಟೆ ಹಿಡಿದ ಅಯ್ಯನವರು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ ಮೇಲೆ ಚೆಂಡುಹೂವಿನ ಹಾರ. ಮಧ್ಯದಲ್ಲಿ ನಾನು, ಕೀ ಇಲ್ಲದೆಯೇ ಡುಗುಡುಗು ಅನ್ನುತ್ತಿರುವ ಹೊಸ ಟ್ರ್ಯಾಕ್ಟರಿನ ಮೇಲೆ ಕೂತು ಬೆವರುತ್ತಿದ್ದೆ. ಅಯ್ಯನವರು ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ದೇವರ ಫೋಟೋ ನೋಡಿದರು.

ಕೊನೆಗೆ ಪಕ್ಕದ ಮನೆಯ ಹುಡುಗ, ಒಂಬತ್ತನೇ ಕ್ಲಾಸು, ಕೈ ಚಾಚಿ ಒಂದು ನಾಬ್ ಎಳೆದ. ಎಂಜಿನ್ ಗಪ್‌ಚುಪ್. "ಡೀಸೆಲ್ ಗಾಡಿ ಅಂಕಲ್, ಸ್ಟಾಪ್ ನಾಬ್ ಎಳೀಬೇಕು" ಅಂದ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಸ್ಪಾರ್ಕ್ ಬೇಕಾಗಿಲ್ಲ. ಒಮ್ಮೆ ಹತ್ತಿಕೊಂಡರೆ ಎಣ್ಣೆ ಬರುತ್ತಿರುವಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ನಮ್ಮಂಥ ಗಾಡಿಯಲ್ಲಿ ಕೀ ಇರುವುದು ಸ್ಟಾರ್ಟ್ ಮಾಡೋಕೆ, ಲೈಟು ಹಾರ್ನಿಗೆ. ನಿಲ್ಲಿಸಬೇಕಾದರೆ ನಾಬ್ ಎಳೆದು ಪಂಪಿನಲ್ಲೇ ಎಣ್ಣೆ ಕಟ್ ಮಾಡಬೇಕು. ಇದನ್ನೆಲ್ಲ ಷೋರೂಮಿನ ಹುಡುಗ ಹೇಳಿದ್ದ. ಆದರೆ ಅವನು ಹೇಳುವಾಗ ನನ್ನ ತಲೆಯಲ್ಲಿ ಬೆಣ್ಣೆ ದೋಸೆ ಓಡುತ್ತಿತ್ತು.

ನಾನು ದಾವಣಗೆರೆಯಲ್ಲಿ ಲೆಕ್ಕ ಬರೆಯುವ ಕೆಲಸದವನು. ಶನಿವಾರ ಭಾನುವಾರ ಮಾತ್ರ ರೈತ. ನಮ್ಮ ತೋಟ ಇರುವುದು ಚನ್ನಗಿರಿ ಕಡೆ, ಎಲ್ಲರ ಹಾಗೆ ಅಡಿಕೆ. ಟಿಲ್ಲರ್ ಹಿಂದೆ ನಡೆದು ನಡೆದು ಅಪ್ಪನ ಮೊಣಕಾಲು ಹೋದವು. ಅಡಿಕೆ ಸಾಲಿನ ನಡುವೆ ಇರುವುದು ಒಂಬತ್ತು ಅಡಿ, ಅಲ್ಲಿ ದೊಡ್ಡ ಟ್ರ್ಯಾಕ್ಟರ್ ನುಗ್ಗಿಸಿದರೆ ತಿರುವಿನಲ್ಲಿ ಎರಡು ಮರ ತಿಂದುಕೊಂಡೇ ಹೊರಗೆ ಬರುತ್ತದೆ. ಹಾಗಾಗಿ 27 ಎಚ್‌ಪಿಯ ಮಿನಿ ಟ್ರ್ಯಾಕ್ಟರ್. ಎಲ್ಲಿ ಕೊಳ್ಳುವುದು ಅನ್ನೋದಕ್ಕೆ ಒಂದು ತಿಂಗಳು ಜಗಳ ಆಯಿತು. ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು ನೋಡಿ, ಅಪ್ಪನಿಗೆ ಈಗಲೂ ಒಳ್ಳೇ ಸಾಮಾನು ಅಂದರೆ ಶಿವಮೊಗ್ಗದ್ದೇ. ನಾನು ದಾವಣಗೆರೆ ಅಂದೆ. ದುಡ್ಡು ಅರ್ಧ ನನ್ನದಾಗಿದ್ದರಿಂದ ದಾವಣಗೆರೆ ಗೆದ್ದಿತು.

ಷೋರೂಮಿನ ಹುಡುಗ ಹೇಳಿದ್ದು ಇಷ್ಟು. ಮೊದಲ 50 ಗಂಟೆ ಗಾಡಿ ಪಳಗಬೇಕು. ಫುಲ್ ಆಕ್ಸಿಲರೇಟರ್ ಬೇಡ, ಭಾರೀ ಲೋಡ್ ಬೇಡ. ಹಾಗಂತ ಸುಮ್ನೆ ನಿಂತಲ್ಲೇ ಓಡಿಸಲೂ ಬೇಡಿ. ಗೇರು, ಸ್ಪೀಡು ಬದಲಾಯಿಸುತ್ತಾ ಹದವಾಗಿ ಕೆಲಸ ಕೊಡಿ. ಗಾಲಿಯ ಬೋಲ್ಟ್ ಆಗಾಗ ಬಿಗಿ ನೋಡಿಕೊಳ್ಳಿ. 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಾಯಿಸಲು ನಾವೇ ಬರುತ್ತೇವೆ. ಇದರಲ್ಲಿ ಅಪ್ಪನ ಕಿವಿಗೆ ಬಿದ್ದಿದ್ದು ಒಂದೇ ಮಾತು, 50 ಗಂಟೆ. ಅದಕ್ಕೆ ಅವರದೇ ಒಂದು ಷರತ್ತು ಸೇರಿಸಿದರು: "ಐವತ್ತು ಗಂಟೆ ಆಗೋತನಕ ಸೀಟಿನ ಪ್ಲಾಸ್ಟಿಕ್ ತೆಗೀಬಾರದು."

ಈ ಪ್ಲಾಸ್ಟಿಕ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಂಕ್ರಾಂತಿ ಆದ ಮೇಲೆ ನಮ್ಮ ಕಡೆ ಬಿಸಿಲು ಹೇಗಿರುತ್ತೆ ಅಂತ ಗೊತ್ತಲ್ವಾ. ಹನ್ನೊಂದು ಗಂಟೆಗೆ ಆ ಸೀಟು ರೊಟ್ಟಿ ಹಂಚು. ಕೂತ ಎರಡು ನಿಮಿಷಕ್ಕೆ ಬೆವರು, ಬೆವರಿಗೆ ಜಾರುಬಂಡೆ. ಕ್ಲಚ್ ಒತ್ತಿದರೆ ನಾನು ಹಿಂದೆ ಹೋಗುತ್ತಿದ್ದೆ, ಕ್ಲಚ್ ಅಲ್ಲೇ ಇರುತ್ತಿತ್ತು.

ಮೊದಲ ಶನಿವಾರ ಹೀಗೇ ಜಾರಿದ್ದಕ್ಕೆ ಬಣವೆ ಹೋಯಿತು. ಕಾರು ಓಡಿಸುವವರಿಗೆ ಇದು ಹೊಸದು: ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು. ಎಡಗಡೆಯದು ಹಿಂದಿನ ಎಡ ಗಾಲಿಗೆ, ಬಲಗಡೆಯದು ಬಲ ಗಾಲಿಗೆ. ತೋಟದ ಮೂಲೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೇ ಒತ್ತಬೇಕು, ರಸ್ತೆಯಲ್ಲಿ ಎರಡನ್ನೂ ಸೇರಿಸುವ ಕೊಂಡಿ ಹಾಕಿಕೊಳ್ಳಬೇಕು. ನಾನು ಕೊಂಡಿ ಹಾಕಿರಲಿಲ್ಲ. ಕಣದ ಹತ್ತಿರ ಕೋಳಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ, ಜಾರಿದ ಕಾಲಿಗೆ ಸಿಕ್ಕಿದ್ದು ಬಲಗಡೆಯದು ಒಂದೇ. ಗಾಡಿ ನಿಲ್ಲುವ ಬದಲು ಬುಗುರಿಯ ಹಾಗೆ ಬಲಕ್ಕೆ ತಿರುಗಿ ನೇರ ಭತ್ತದ ಹುಲ್ಲಿನ ಬಣವೆಯೊಳಗೆ ಹೋಗಿ ನಿಂತಿತು. ನನ್ನ ಮೇಲೆ ಅರ್ಧ ಬಣವೆ. ಕೋಳಿಗೆ ಏನೂ ಆಗಲಿಲ್ಲ. ಅಪ್ಪ ಓಡಿ ಬಂದು ಮೊದಲು ಕೇಳಿದ್ದು, "ಪೇಂಟ್ ಹೋಯ್ತೇನಲೇ?"

ಎರಡನೇ ವಾರ ರೋಟವೇಟರ್, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ಯಂತ್ರ. ಕಂಪನಿಯವರು ಚಿತ್ರದಲ್ಲಿ ಬಿಳಿ ಅಂಗಿಯ ಒಬ್ಬನೇ ಮನುಷ್ಯ ನಗುತ್ತಾ ಕೊಂಡಿ ಹಾಕುವಂತೆ ತೋರಿಸುತ್ತಾರೆ. ನನ್ನ ಪ್ರಕಾರ ಆ ಚಿತ್ರದ ಹೊರಗೆ ಕನಿಷ್ಠ ನಾಲ್ಕು ಜನ ಹಾರೆ ಹಿಡಿದು ನಿಂತಿರುತ್ತಾರೆ. ಎಡಗಡೆ ಕೆಳಗಿನ ತೋಳಿಗೆ ಪಿನ್ ಕೂರಿಸಿದರೆ ಬಲಗಡೆಯದು ಎರಡು ಬೆರಳು ಮೇಲೆ. ಹಿಡಿ ತಿರುಗಿಸಿ ಬಲಗಡೆಯದು ಇಳಿಸಿ ಕೂರಿಸಿದರೆ ಮೇಲಿನ ಟಾಪ್ ಲಿಂಕ್ ಒಂದು ಗೇಣು ಗಿಡ್ಡ. ಗಾಡಿ ಒಂದು ಚೂರು ಹಿಂದೆ ತರೋಣ ಅಂತ ಹತ್ತಿದರೆ ಒಂದಡಿ ಹಿಂದೆ ಹೋಗುತ್ತೆ, ಮೊದಲಿನ ಪಿನ್ ಬಗ್ಗುತ್ತೆ. ಎಲ್ಲ ಆದ ಮೇಲೆ ಪಿಟಿಒ ಷಾಫ್ಟ್, ಎಂಜಿನ್ನಿನ ಶಕ್ತಿಯನ್ನು ರೋಟವೇಟರಿಗೆ ಕೊಡುವ ದಂಡ. ಹಲ್ಲಿಗೆ ಹಲ್ಲು ಸರಿಯಾಗಿ ಕೂರಬೇಕು, ಒಂದು ಕೈಯಲ್ಲಿ ಲಾಕ್ ಪಿನ್ ಒತ್ತಬೇಕು, ಇನ್ನೊಂದು ಕೈಯಲ್ಲಿ ಷಾಫ್ಟ್ ಎತ್ತಬೇಕು, ಅಷ್ಟರಲ್ಲಿ ಹೆಂಡತಿ ಫೋನು ಬರಬೇಕು. ಬಂತು. ಗ್ರೀಸ್ ಕೈಯಲ್ಲೇ ಎತ್ತಿದೆ. ಆ ಫೋನು ಈಗಲೂ ನನ್ನ ಬೆರಳಚ್ಚು ಗುರುತಿಸುವುದಿಲ್ಲ.

ಅಡಿಕೆಯ ಬೇರು ಮೇಲುಮೇಲೆ ಹರಡಿರುತ್ತೆ, ಹಾಗಾಗಿ ಆಳಕ್ಕೆ ಬಿಡಬಾರದು. "ಬೇರು ಬೇರು" ಅಂತ ಅಪ್ಪ ಪಕ್ಕದಲ್ಲೇ ನಡೆದು ಬರುತ್ತಿದ್ದರು. ನಾನು ಹೈಡ್ರಾಲಿಕ್ ಲಿವರ್ ಮೇಲೆ ಕೈ ಇಟ್ಟು ಬರೀ ನೆಲ ಕೆರೆಯುವಷ್ಟೇ ಇಳಿಸಿದ್ದೆ. ಒಂದೂ ಬೇರು ಕಡಿಯಲಿಲ್ಲ. ಹೆಮ್ಮೆಯಿಂದ ಸಾಲು ಮುಗಿಸಿ ತಿರುಗಿ ನೋಡಿದರೆ ರೋಟವೇಟರ್ ತುಂಬಾ ಕಪ್ಪು ಶಾವಿಗೆ. ಒಣಗಿದ ಸೋಗೆ ಸುತ್ತಿಕೊಂಡಿದೆ ಅಂದುಕೊಂಡು ಎಂಜಿನ್ ನಿಲ್ಲಿಸಿ (ನಾಬ್ ಎಳೆದೇ) ಇಳಿದು ನೋಡಿದೆ. ಡ್ರಿಪ್ ಪೈಪು. ಎರಡು ಸಾಲಿನದು. ಸೋಗೆಯ ಕೆಳಗೆ ಮುಚ್ಚಿಕೊಂಡಿತ್ತು, ಯಾರಿಗೂ ಕಾಣಿಸಿರಲಿಲ್ಲ. ಬೇರು ಕಾಯುತ್ತಿದ್ದ ಅಪ್ಪನಿಗೂ ಕಾಣಿಸಿರಲಿಲ್ಲ, ಅದೇ ನನಗೆ ಸಮಾಧಾನ. ರಾತ್ರಿ ತ್ರೀ ಫೇಸ್ ಕರೆಂಟು ಬಂದು ಮೋಟಾರ್ ತಾನಾಗೇ ಆನ್ ಆದಾಗ ತೋಟದಲ್ಲಿ ಕಾರಂಜಿ. ಆಟೋ ಸ್ಟಾರ್ಟರ್ ಆಫ್ ಮಾಡೋದು ಇಬ್ಬರಿಗೂ ನೆನಪಿರಲಿಲ್ಲ.

ಮೂರನೇ ಶನಿವಾರ ಬಂದಾಗ ಮನೆ ಮುಂದೆ ಗಾಡಿ ಡುಗುಡುಗು ಅನ್ನುತ್ತಾ ನಿಂತಿತ್ತು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಏನಪ್ಪಾ ಇದು?"

"ಐವತ್ತು ಗಂಟೆ ಆಗ್ಬೇಕಲ್ಲ. ದಿನಾ ಮೂರು ತಾಸು ಓಡಿಸ್ತಿದೀನಿ. ಆದ್ರೆ ಮೀಟರ್ ಕೆಟ್ಟೈತೆ. ಮೂರು ತಾಸಿಗೆ ಒಂದೇ ತಾಸು ತೋರಿಸ್ತೈತೆ. ನಿಮ್ಮ ದಾವಣಗೆರೆ ಮಾಲು."

ಮೀಟರ್ ಕೆಟ್ಟಿರಲಿಲ್ಲ. ನಮ್ಮ ಗಾಡಿಯದು ಎಂಜಿನ್ ಸುತ್ತು ಎಣಿಸುವ ಕೇಬಲ್ ಮೀಟರ್. ಕೆಲಸದ ಸ್ಪೀಡಿನಲ್ಲಿ ಓಡಿದರೆ ಮಾತ್ರ ಅದರ ಗಂಟೆಯೂ ಗಡಿಯಾರದ ಗಂಟೆಯೂ ಒಂದೇ. ಐಡ್ಲಿಂಗಿನಲ್ಲಿ, ಅಂದರೆ ಸುಮ್ನೆ ನಿಂತಲ್ಲೇ ಓಡುವಾಗ, ಸುತ್ತು ಸುಮಾರು ಮೂರನೇ ಒಂದು ಭಾಗ, ಅದಕ್ಕೇ ಗಂಟೆಯೂ ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಉಜ್ಜಿ ಹೊಂದಿಕೊಳ್ಳಬೇಕಾದರೆ ಸ್ವಲ್ಪ ಲೋಡ್ ಬೇಕು. ಸುಮ್ನೆ ನಿಂತಲ್ಲೇ ಓಡಿಸಿದರೆ ಲೈನರ್ ಗಾಜಿನಂತೆ ನುಣುಪಾಗಿ ಆಮೇಲೆ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ. ಇಷ್ಟನ್ನೂ ಹೇಳಿದೆ. ಅಪ್ಪ ಪೇಪರ್ ಮಡಚಿದರು.

"ಹೊಸ ಹೋರಿನ ಮೊದಲ ದಿನಾನೇ ನೇಗಿಲಿಗೆ ಕಟ್ತಾರೇನು? ಹೆಗಲು ಹದ ಆಗ್ಬೇಕು."

"ಹೆಗಲು ಹದ ಆಗೋದು ನೊಗ ಹೊತ್ರೆ ತಾನೇ? ಕೊಟ್ಟಿಗೇಲಿ ಕಟ್ಟಿ ಹಾಕಿದ್ರೆ ಆಗುತ್ತಾ?"

ಅಪ್ಪ ಎದ್ದು ಹೋಗಿ ನಾಬ್ ಎಳೆದರು. ನನ್ನ ಜೀವನದಲ್ಲಿ ಅವರ ಜೊತೆ ಗೆದ್ದ ಮೊದಲ ವಾದ. ಖುಷಿ ಮರುದಿನ ಬೆಳಿಗ್ಗೆ ಹತ್ತರವರೆಗೆ ಇತ್ತು.

ಹತ್ತಕ್ಕೆ ಗಾಡಿ ತೋಟದ ನಟ್ಟನಡುವೆ ಕೆಮ್ಮಿ ನಿಂತಿತು. ವಾರವಿಡೀ ಮನೆ ಮುಂದೆ ಉರಿದ ಡೀಸೆಲ್ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಲೆಕ್ಕ ಬರೆಯುವ ನಾನೂ. ಟಿವಿಎಸ್ ಎಕ್ಸೆಲ್‌ನಲ್ಲಿ ಕ್ಯಾನ್ ಇಟ್ಟುಕೊಂಡು ಬಂಕಿಗೆ ಹೋಗಿ ತಂದು ಸುರಿದೆ. ಸ್ಟಾರ್ಟ್ ಆಗಲಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಪೈಪಿನಲ್ಲಿ ಗಾಳಿ ಹಿಡಿದುಕೊಳ್ಳುತ್ತೆ, ಆ ಗಾಳಿ ತೆಗೆಯುವವರೆಗೂ ಎಣ್ಣೆ ಮುಂದೆ ಹೋಗೋದಿಲ್ಲ. ಮೆಕ್ಯಾನಿಕ್ ಫೋನಿನಲ್ಲಿ ಹೇಳಿಕೊಟ್ಟ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಇರಿ, ನೊರೆ ನಿಂತು ಬರೀ ಎಣ್ಣೆ ಬಂದಾಗ ಬಿಗಿ ಮಾಡಿ. ಅಪ್ಪ ಫೋನ್ ಹಿಡಿದುಕೊಂಡಿದ್ದರು. ನಾನು ಒತ್ತಿದೆ. ನೊರೆ ಬಂತು, ಎಣ್ಣೆ ಬಂತು, ಸ್ಕ್ರೂ ಪೂರ್ತಿ ಕಳಚಿ ಹುಲ್ಲಿನಲ್ಲಿ ಬಿತ್ತು. ಹುಡುಕಿ ಹಾಕುವಷ್ಟರಲ್ಲಿ ನಾನು ಡೀಸೆಲ್ಲಿನಲ್ಲಿ ಅದ್ದಿ ತೆಗೆದ ಮಿರ್ಚಿಯಂತಾಗಿದ್ದೆ. ಸೋಮವಾರ ಆಫೀಸಿನಲ್ಲಿ ಪಕ್ಕದ ಟೇಬಲಿನವರು ಜನರೇಟರ್ ಲೀಕ್ ಆಗಿದೆ ಅಂತ ವಾಚ್‌ಮನ್‌ನನ್ನು ಕರೆಸಿದರು.

ಆಮೇಲೆ ಅಷ್ಟೇನೂ ತೊಂದರೆ ಆಗಲಿಲ್ಲ. ಅಪ್ಪ ದಿನಾ ಸಣ್ಣ ಟ್ರೇಲರ್ ಹಾಕಿ ಗೊಬ್ಬರ ಸಾಗಿಸಿದರು. ಬ್ರೇಕ್ ಕೊಂಡಿ, ನಾಬ್, ಲಿವರ್ ಎಲ್ಲ ನನಗಿಂತ ಬೇಗ ಕಲಿತರು. ಯುಗಾದಿಗೆ ನಾಲ್ಕು ದಿನ ಮುಂಚೆ ಮೀಟರ್ 50 ಮುಟ್ಟಿತು. ಮೆಕ್ಯಾನಿಕ್ ಬಂದು ಆಯಿಲ್ ಇಳಿಸಿದ, ಫಿಲ್ಟರ್ ಬದಲಾಯಿಸಿದ, ಬೋಲ್ಟ್ ಬಿಗಿ ಮಾಡಿದ, ಟ್ರಯಲ್ ನೋಡೋಣ ಅಂತ ಹತ್ತಿ ಕೂತ. ಕೂತವನು ಚಾಟಿ ಹೊಡೆದ ಹಾಗೆ ಎದ್ದ. "ಏನ್ ಸಾರ್ ಇದು, ಇನ್ನೂ ತೆಗ್ದಿಲ್ವಾ?" ಅನ್ನುತ್ತಾ ಒಂದೇ ಎಳೆತಕ್ಕೆ ಪ್ಲಾಸ್ಟಿಕ್ ಕಿತ್ತು ನೆಲಕ್ಕೆ ಹಾಕಿದ. ಅಪ್ಪ ಮಾತಾಡಲಿಲ್ಲ. ಅದನ್ನು ಎತ್ತಿಕೊಂಡು, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ಒಳಗೆ ತೆಗೆದುಕೊಂಡು ಹೋದರು.

ಮುಂದಿನ ಶನಿವಾರ ಊರಿಗೆ ಹೋದೆ. ಬಸ್ ಇಳಿದಾಗ ಅಪ್ಪ ಕರೆದುಕೊಂಡು ಹೋಗಲು ಎಕ್ಸೆಲ್ ತಂದಿದ್ದರು. ಹದಿನಾಲ್ಕು ವರ್ಷ ಹಳೇ ಗಾಡಿ. ಹಿಂದೆ ಹತ್ತಿ ಕೂತೆ. ಬಿಸಿ ತಾಗಿತು, ಜಾರಿದೆ.