ದೀಪ ಚೆಂದ, ತಂತಿ ಬಿಚ್ಚೋದು ಯಾರು?

ರಜೆಯ ಸಂಭ್ರಮಕ್ಕೆ ಸಸ್ಯೋದ್ಯಾನದಲ್ಲಿ ದೀಪಾಲಂಕಾರ, ಮರಗಳ ನಡುವೆ ಶಿಲ್ಪಗಳು ಬೇಕು ಎಂದು ಬರೆದಿದ್ದೀರಿ. ನನಗೂ ಇಷ್ಟವೇ. ಮ್ಯೂಸಿಯಂ ಮೆಟ್ಟಿಲು ಹತ್ತದವರೂ ಇಲ್ಲಿ ಸುಮ್ನೆ ನಡೆಯುತ್ತಾ ಕಲೆ ನೋಡುತ್ತಾರೆ. ಆದರೆ ಹಬ್ಬ ಮುಗಿದ ಮೇಲೆ ಕಾಂಡಕ್ಕೆ ಸುತ್ತಿದ ತಂತಿ ಬಿಚ್ಚುವುದನ್ನೇ ಮರೆಯುತ್ತಾರಲ್ಲ, ಅದೇ ಬೇಜಾರು. ಮರ ದಪ್ಪಗಾದಂತೆ ತಂತಿ ಒಳಗೆ ಹೂತುಹೋಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ ಅಲ್ವಾ? ಅಲ್ಲಿ ಬಿಗಿದರೆ ಬೇರಿಗೆ ಉಪವಾಸ. ಒಂದು ಎಳೆ ಮರದಲ್ಲಿ ಹಸಿರು ವೈರು ಅರ್ಧ ಮುಳುಗಿ, ಅದರ ಮೇಲೆ ತೊಗಟೆ ತುಟಿಯಂತೆ ಉಬ್ಬಿದ್ದನ್ನು ನೋಡಿದ್ದೇನೆ. ಭಾರದ ಶಿಲ್ಪಗಳನ್ನೂ ಬುಡದಿಂದ ದೂರ ಇಡಲಿ. ನೀರು ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲ್ಮಣ್ಣಿನಲ್ಲೇ. ಹಾಂ, ಜನ ಹೋದ ಮೇಲೆ ದೀಪ ಆರಿಸಿದರೆ ಪತಂಗಗಳಿಗೂ ಬಿಡುವು.